ಬೆಂಕಿಗೆ ಮುಂಚಿನ ವರ್ಷಗಳು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ಮನೆಗೆ ಬಂದಿದ್ದಳು. ತನ್ನ ಮೊದಲ ಕಥಾಚಿತ್ರ ಮಾಡಲು ಹೊರಟಿದ್ದಾಳೆ. ನಿರ್ಮಾಪಕರಿಲ್ಲ; ಸ್ವಂತ ಉಳಿತಾಯ, ನಾಲ್ಕಾರು ಗೆಳತಿಯರ ನೆರವು, ಅಷ್ಟೆ. ವಸ್ತು ವರದಕ್ಷಿಣೆ. "ಮೇಡಂ, ಓದಿ ಹೇಳಿ" ಎಂದು ಚಿತ್ರಕಥೆ ಕೊಟ್ಟಳು. ಮೊದಲ ಪುಟದಲ್ಲೇ ಅಡುಗೆಮನೆಗೆ ಬೆಂಕಿ. ಕೊನೆಯಲ್ಲಿ ನ್ಯಾಯಾಲಯ, ವಕೀಲರ ಭಾಷಣ. ನಡುವೆ ಆ ಹುಡುಗಿಗೆ ಹೆಸರೊಂದಿತ್ತು, ಬದುಕಿರಲಿಲ್ಲ.

"ಇದು ಸಮಸ್ಯೆ ಆಯಿತು ಕಣೇ, ಕಥೆ ಆಗಲಿಲ್ಲ" ಎಂದೆ. ಅವಳಿಗೆ ಬೇಸರವಾಯಿತು.

ಅವಳಿಗೆ ಪ್ರೇಮಾ ಕಾರಂತರ 'ಫಣಿಯಮ್ಮ'ನ ನೆನಪು ಮಾಡಿಕೊಟ್ಟೆ. 1983ರಲ್ಲಿ ತೆರೆಕಂಡ ಅದು ಅವರ ಮೊದಲ ಕಥಾಚಿತ್ರ. ಅಲ್ಲಿಯವರೆಗೆ ಅವರು ದುಡಿದದ್ದು ರಂಗಭೂಮಿಯಲ್ಲಿ, ವಸ್ತ್ರವಿನ್ಯಾಸದಲ್ಲಿ. ಕಥೆ ಎಂ.ಕೆ. ಇಂದಿರಾ ಅವರ ಕಾದಂಬರಿಯದು. ಅದರ ಹಿಂದೆ ನಿಜವಾಗಿ ಬಾಳಿದ ಒಬ್ಬ ಬಾಲವಿಧವೆ ಇದ್ದಾರೆ. ಆಕೆ ತಮ್ಮ ಬದುಕನ್ನು ಇಂದಿರಾರ ತಾಯಿಗೆ ಹೇಳಿಕೊಂಡರು, ತಾಯಿ ಮಗಳಿಗೆ ಹೇಳಿದರು, ಮಗಳು ಬರೆದರು, ಆಮೇಲೆ ಇನ್ನೊಬ್ಬ ಹೆಂಗಸು ಅದನ್ನು ತೆರೆಗೆ ತಂದರು. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಇಷ್ಟು ದೂರ ನಡೆದ ಮೇಲೆ ವಸ್ತು ತಾನಾಗಿ ಹದಗೊಂಡಿರುತ್ತದೆ. ತಲೆ ಬೋಳಿಸಿದ್ದನ್ನು ಮೌನವಾಗಿ ಸಹಿಸಿದವರು, ಮುಪ್ಪಿನಲ್ಲಿ, ಕೇಶಮುಂಡನ ಒಲ್ಲೆನೆಂದ ಹುಡುಗಿಯ ಪರ ನಿಲ್ಲುತ್ತಾರೆ. ಆ ಮಾತಿಗೆ ತೂಕ ಬರುವುದು ಅದರ ಹಿಂದಿನ ಅಷ್ಟೂ ವರ್ಷಗಳಿಂದ.

ಯಾರ ಕಣ್ಣಿನಿಂದ ನೋಡುವುದು ಎಂಬುದೂ ಮೊದಲೇ ನಿಶ್ಚಯವಾಗಬೇಕು. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ 'ಘಟಶ್ರಾದ್ಧ' (1977) ಯಮುನೆಯ ದುರಂತವನ್ನು ನಾಣಿ ಎಂಬ ಹುಡುಗನ ಮೂಲಕ ಕಾಣಿಸುತ್ತದೆ. ದೊಡ್ಡ ಚಿತ್ರವೇ. ಆದರೂ ಹುಡುಗನ ಭಯ ತಿಳಿದಷ್ಟು ಯಮುನೆಯ ಮನಸ್ಸು ನನಗೆ ತಿಳಿಯಲಿಲ್ಲ ಎಂಬ ತಕರಾರು ಇಂದಿಗೂ ಇದೆ.

ಹಣದ ಚಿಂತೆಯನ್ನು ನಾನು ದೊಡ್ಡದು ಮಾಡಲಾರೆ. ರಾಮ್ ರೆಡ್ಡಿಯವರ ಮೊದಲ ಚಿತ್ರ 'ತಿಥಿ' (2015) ಮಂಡ್ಯದ ಹಳ್ಳಿಯಲ್ಲಿ, ಊರಿನವರನ್ನೇ ಪಾತ್ರವಾಗಿಸಿ ತಯಾರಾಯಿತು. ನಮ್ಮ ಕಥೆಗೆ ಒಂದು ಬಾಡಿಗೆ ಮನೆ ಸಾಕು.

ಕಾನೂನು ಕೂಡ ಕೇವಲ ಬೆಂಕಿಯನ್ನು ನೋಡುವುದಿಲ್ಲ. 1986ರಲ್ಲಿ ಸೇರಿದ 304ಬಿ ಕಲಂ (2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಂ) ಮದುವೆಯಾಗಿ 7 ವರ್ಷದೊಳಗಿನ ಅಸಹಜ ಸಾವಿನ ಹಿಂದೆ ವರದಕ್ಷಿಣೆಯ ಕಿರುಕುಳವಿತ್ತೇ ಎಂದು ಕೇಳುತ್ತದೆ. ನನಗೆ ಬೇಕಾದ ಚಿತ್ರ ಆ ವರ್ಷಗಳದು. ಹಬ್ಬಕ್ಕೆ ತವರಿಗೆ ಹೋಗಿ ಬರಿಗೈಯಲ್ಲಿ ಮರಳಿದ ಸಂಜೆ. ಅಡವಿಟ್ಟ ಬಳೆ. "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎನ್ನುವ ಅಪ್ಪ.

ಇಷ್ಟು ಹೇಳುವಾಗ ನನಗೆ ಒಬ್ಬಳು ನೆನಪಾದಳು. ಬಿ.ಎ. ಎರಡನೆಯ ವರ್ಷದಲ್ಲಿದ್ದಾಗಲೇ ಮದುವೆಯಾದವಳು. ಮೇ ತಿಂಗಳ ಸೆಕೆಯಲ್ಲಿ ಮಣಿಕಟ್ಟಿನವರೆಗೆ ತೋಳಿನ ರವಿಕೆ ತೊಟ್ಟು ಪರೀಕ್ಷೆಗೆ ಬಂದಿದ್ದಳು. ಮೇಲ್ವಿಚಾರಣೆಗೆ ನಾನೇ ಇದ್ದೆ. ನೋಡಿದೆ, ಕೇಳಲಿಲ್ಲ. ಮುಂದಿನ ವರ್ಷ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದವಳೂ ನಾನೇ.

"ಮೇಡಂ, ಇದನ್ನೇ ಮಾಡಲಾ?" ಎಂದಳು ನನ್ನ ವಿದ್ಯಾರ್ಥಿನಿ. ಅದು ನಾನು ಕೊಡುವ ಕಥೆಯಲ್ಲ. ಸತ್ತವಳ ತಾಯಿ ಇನ್ನೂ ಇದ್ದಾರೆ. ಬರುವ ಭಾನುವಾರ ನಾವಿಬ್ಬರೂ ಅವರಲ್ಲಿಗೆ ಹೋಗುತ್ತಿದ್ದೇವೆ. ಕ್ಯಾಮೆರಾ ತರಬೇಡ ಎಂದಿದ್ದೇನೆ.