ಸ್ಪ್ರಿಂಗ್‌ಬಾಕ್: ಒಂದು ಹುಲ್ಲೆಯ ಹೆಸರಿಗೆ ಅಂಟಿದ ಇತಿಹಾಸ

ಆಫ್ರಿಕಾನ್ಸ್ ಭಾಷೆಯಲ್ಲಿ 'ಸ್ಪ್ರಿಂಗ್' ಎಂದರೆ ಜಿಗಿತ, 'ಬಾಕ್' ಎಂದರೆ ಹುಲ್ಲೆ. ಹೋತಕ್ಕೂ ಅದೇ ಪದ. ಇವೆರಡೂ ಕೂಡಿದ 'ಸ್ಪ್ರಿಂಗ್‌ಬಾಕ್' ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಪ್ರಾಣಿಯ ಹೆಸರು. ಅಲ್ಲಿನ ಪುರುಷರ ರಗ್ಬಿ ತಂಡಕ್ಕೂ ಅದೇ ಹೆಸರು. ವಿವಾದ ಹುಟ್ಟಿದ್ದು ತಂಡದಿಂದಲೇ ಹೊರತು ಪ್ರಾಣಿಯಿಂದಲ್ಲ.

ಕರೂ ಮತ್ತು ಕಲಹರಿಯ ಒಣ ಬಯಲುಗಳಲ್ಲಿ ಮೇಯುವ ಈ ಹುಲ್ಲೆ ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗಗಳ ದೂರದ ಬಂಧು. ಉದ್ರೇಕಗೊಂಡಾಗ ಬೆನ್ನನ್ನು ಕಮಾನಿನಂತೆ ಬಾಗಿಸಿ, ಕಾಲುಗಳನ್ನು ಸೆಟೆಸಿ ಸುಮಾರು 2 ಮೀಟರ್ ಎತ್ತರಕ್ಕೆ ಮತ್ತೆ ಮತ್ತೆ ನೆಗೆಯುತ್ತದೆ. 19ನೇ ಶತಮಾನದಲ್ಲಿ ಲೆಕ್ಕಕ್ಕೆ ಸಿಗದಷ್ಟು ದೊಡ್ಡ ಹಿಂಡುಗಳು ಕರೂ ಬಯಲನ್ನು ದಾಟುತ್ತಿದ್ದವು. ಬೇಟೆಯೂ ಬೇಲಿಯೂ ಆ ವಲಸೆಯನ್ನು ನಿಲ್ಲಿಸಿದವು. ಈಗ ಅವು ಬಹುಪಾಲು ಖಾಸಗಿ ಜಮೀನುಗಳಲ್ಲಿ, ಮಾಂಸಕ್ಕೂ ಬೇಟೆಗೂ ಎಂದು ಸಾಕಿದವು, ಸಂತತಿಗೆ ಅಪಾಯವಿಲ್ಲ.

1906ರಲ್ಲಿ ಬ್ರಿಟನ್ ಪ್ರವಾಸ ಹೊರಟ ರಗ್ಬಿ ತಂಡ ಈ ಹೆಸರು ಹೊತ್ತಿತು. ಮುಂದೆ ವರ್ಣಭೇದದ ದಶಕಗಳಲ್ಲಿ ಅದು ಬಿಳಿಯರ ಸ್ವತ್ತಾಯಿತು. ಕಪ್ಪು ಜನರು ಎದುರಾಳಿ ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. 1969-70ರ ಬ್ರಿಟನ್ ಪ್ರವಾಸದಲ್ಲಿ ಮೈದಾನಗಳ ಸುತ್ತ ಪ್ರತಿಭಟನೆಗಳು ಭುಗಿಲೆದ್ದವು.

ವರ್ಣಭೇದ ಕೊನೆಗೊಂಡ ಬಳಿಕ ಲಾಂಛನವನ್ನೇ ಕಿತ್ತೊಗೆಯಬೇಕೆಂಬ ಕೂಗು ಸಹಜವಾಗಿಯೇ ಎದ್ದಿತು. ಕ್ರಿಕೆಟ್ ತಂಡ 'ಪ್ರೋಟಿಯಾ' ಹೂವಿನ ಹೆಸರಿಗೆ ಹೊರಳಿತು. ರಗ್ಬಿಯಲ್ಲಿ ಮಾತ್ರ ಹುಲ್ಲೆ ಉಳಿಯಿತು. ಅದಕ್ಕೆ ಮುಖ್ಯ ಕಾರಣ ನೆಲ್ಸನ್ ಮಂಡೇಲಾ. ಅಧಿಕಾರ ಕಳೆದುಕೊಂಡ ಸಮುದಾಯದಿಂದ ಅದರ ಪ್ರೀತಿಯ ಗುರುತನ್ನೂ ಕಸಿದರೆ ಭಯ ಹೆಚ್ಚುತ್ತದೆ ಎಂಬುದು ಅವರ ಲೆಕ್ಕಾಚಾರವಾಗಿತ್ತು. ತಮ್ಮವರೇ ಒಪ್ಪದಿದ್ದರೂ ಅವರು ಹಿಂಜರಿಯಲಿಲ್ಲ. 1995ರ ಜೂನ್ 24ರಂದು ಜೋಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ಅವರು ನಾಯಕ ಫ್ರಾಂಸ್ವಾ ಪಿನಾರ್ ಅವರ 6ನೇ ಸಂಖ್ಯೆಯ ಹಸಿರು ಅಂಗಿ ತೊಟ್ಟು ವಿಶ್ವಕಪ್ ನೀಡಿದ ದೃಶ್ಯ ಜಗತ್ತಿನಾದ್ಯಂತ ಪ್ರಸಾರವಾಯಿತು.

ಆದರೆ ಅಂಗಿಯೊಂದೇ ತಂಡವನ್ನು ಬದಲಿಸಲಿಲ್ಲ. ಅಂದು ಕಣಕ್ಕಿಳಿದವರಲ್ಲಿ ಬಿಳಿಯರಲ್ಲದ ಆಟಗಾರ ಚೆಸ್ಟರ್ ವಿಲಿಯಮ್ಸ್ ಒಬ್ಬರೇ. ಮೊದಲ ಕಪ್ಪು ಟೆಸ್ಟ್ ನಾಯಕನಾಗಿ ಸಿಯಾ ಕೊಲಿಸಿ ಬರಲು 2018ರವರೆಗೆ ಕಾಯಬೇಕಾಯಿತು. ಅವರ ನಾಯಕತ್ವದಲ್ಲಿ 2019 ಮತ್ತು 2023ರ ವಿಶ್ವಕಪ್‌ಗಳು ದಕ್ಕಿದ ಮೇಲೆ, ಹೆಸರು ಬದಲಿಸಬೇಕೆಂಬ ದನಿ ಬಹುಮಟ್ಟಿಗೆ ಅಡಗಿದೆ.

ಈಗಿನ ಪ್ರಶ್ನೆ ಶಾಲಾ ಮೈದಾನಗಳದ್ದು. ಜ್ವಿಡೆ ಎಂಬ ಬಡ ಬಡಾವಣೆಯ ಕೊಲಿಸಿ ಮುನ್ನೆಲೆಗೆ ಬಂದದ್ದು ಪ್ರತಿಷ್ಠಿತ ಶಾಲೆಯೊಂದರ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ. ಅಂಥ ವೇತನ ಸಿಗದ ಹುಡುಗರು ಆ ಬಡಾವಣೆಗಳಲ್ಲೇ ಉಳಿದಿದ್ದಾರೆ.