ಅರವತ್ತಕ್ಕೆ ಅರಳು ಮರಳು

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ಕನ್ನಡ ನಾಡಿನಲ್ಲಿ ಹಳೆಯದು. ಅಫಜಲಪುರ ತಾಲ್ಲೂಕಿನ ಗೊಬ್ಬೂರದ ಮುತ್ಯಾ ಆಗಲಿ, ಬೆಂಗಳೂರಿನ ಅಜ್ಜನಾಗಲಿ, ಈಗ ತಾನೇ ಉಂಡು ಮತ್ತೆ ಊಟ ಕೇಳಿದರೆ, ಮಗನನ್ನೇ ತಮ್ಮನೆಂದು ಕರೆದರೆ, ಮನೆಯವರು ‘ವಯಸ್ಸಾಯಿತು’ ಎಂದು ಸುಮ್ಮನಾಗುವರು. ಬೇಕೆಂದೇ ಹೀಗೆ ಮಾಡುತ್ತಾರೆಂದು ಮುನಿಯುವವರೂ ಉಂಟು. ಆದರೆ ಆ ಮುನಿಸಿಗೆ ಆಧಾರವಿಲ್ಲ. ಕೇಡು ಇರುವುದು ಮುದುಕರ ಮನಸ್ಸಿನಲ್ಲಲ್ಲ, ಮಿದುಳಿನ ಕೋಶಗಳಲ್ಲಿ.

ನರಕೋಶದ ಉದ್ದನೆಯ ತಂತುವಿನೊಳಗೆ ಸರಕು ಸಾಗುವ ಅತಿ ಸೂಕ್ಷ್ಮ ನಾಳಗಳುಂಟು. ಅವುಗಳನ್ನು ಭದ್ರವಾಗಿ ಹಿಡಿದಿಡುವುದು ‘ಟೌ’ ಎಂಬ ಪ್ರೋಟೀನು. ಆಲ್‌ಝೈಮರ್ ರೋಗದಲ್ಲಿ ಈ ಟೌ ನಾಳಗಳಿಂದ ಕಳಚಿಕೊಂಡು, ಒಂದಕ್ಕೊಂದು ಹೆಣೆದು ಗಂಟಾಗುತ್ತದೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ 1906ರಲ್ಲಿಯೇ ಈ ಗಂಟುಗಳನ್ನು ವರ್ಣಿಸಿದ್ದನು. ಅವು ಟೌವಿನಿಂದ ಆದವೆಂದು ತಿಳಿದುದು 1980ರ ದಶಕದಲ್ಲಿ.

ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂಬುದಕ್ಕೆ ಕೋಶದಲ್ಲಿ ಹಲವು ಕಾವಲುಗಾರರಿದ್ದಾರೆ. ಅವರಲ್ಲೊಂದು ಮೈಕ್ರೋ ಆರ್‌ಎನ್‌ಎ. ಅದರ ಉದ್ದ ಸುಮಾರು 22 ಅಕ್ಷರಗಳಷ್ಟೇ! ಜೀನಿನಿಂದ ಹೊರಟ ಆಜ್ಞಾಪತ್ರಕ್ಕೆ ಅಂಟಿಕೊಂಡು ಅದು ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುತ್ತದೆ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಕಂಡ ವಿಕ್ಟರ್ ಆಂಬ್ರೋಸ್ ಹಾಗೂ ಗ್ಯಾರಿ ರವ್‌ಕುನ್ ಅವರಿಗೆ 2024ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇವುಗಳಲ್ಲಿ 132ನೆಯ ಸಂಖ್ಯೆಯದು ಆಲ್‌ಝೈಮರ್ ರೋಗಿಗಳ ಮಿದುಳಿನಲ್ಲಿ ಕ್ಷೀಣಿಸಿರುವುದು ಕಂಡುಬಂದಿದೆ. ಇಲಿಗಳಲ್ಲಿ ಅದನ್ನು ಇಲ್ಲವಾಗಿಸಿದಾಗ ಟೌವಿನ ಗಂಟು ಹೆಚ್ಚಿತು. ಮರಳಿ ಒದಗಿಸಿದಾಗ ಜ್ಞಾಪಕಶಕ್ತಿ ಕೊಂಚ ಸುಧಾರಿಸಿತು. ಆದರೆ ಒಂದೇ ಮೈಕ್ರೋ ಆರ್‌ಎನ್‌ಎ ಅನೇಕ ಜೀನುಗಳ ಮೇಲೆ ಕೈಯಿಡುವುದರಿಂದ, ಒಂದನ್ನು ಸರಿಪಡಿಸಹೋಗಿ ಮತ್ತೊಂದನ್ನು ಕೆಡಿಸುವ ಭಯವಿದೆ. ಇಲಿಗೆ ಒದಗಿದ ಗುಣ ಮನುಷ್ಯನಿಗೆ ಔಷಧವಾಗಿ ಇನ್ನೂ ಬಂದಿಲ್ಲ.

ಕನ್ನಡ ನಾಡಿನಲ್ಲಿಯೂ ಈ ರೋಗದ ಅಧ್ಯಯನ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ದಾನವಾಗಿ ಬಂದ ಮಿದುಳುಗಳ ಭಂಡಾರವುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, 45 ವರ್ಷ ದಾಟಿದ 10,000 ಗ್ರಾಮವಾಸಿಗಳನ್ನು ದೀರ್ಘಕಾಲ ಪರೀಕ್ಷಿಸುವ ಕಾರ್ಯವನ್ನು 2018ರಲ್ಲಿ ಕೈಗೊಂಡಿತು.

ಔಷಧ ಬರುವವರೆಗೆ ಮನೆಯವರ ಹೊಣೆ ಏನು? ಮರೆವು ಕಂಡೊಡನೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆಗಳಿಂದ ಉಂಟಾದ ಮರೆವಿಗೆ ಚಿಕಿತ್ಸೆಯಿದೆ. ಆಲ್‌ಝೈಮರ್ ಎಂದು ತಿಳಿದರೂ ಧೃತಿಗೆಡಬಾರದು. ಮಗನ ಹೆಸರನ್ನು ಮರೆತ ತಂದೆಗೆ ಅಕ್ಕರೆಯ ದನಿ ಮಾತ್ರ ಬಹುಕಾಲ ತಿಳಿಯುತ್ತದೆ. ಎರಡನೆಯ ಬಾರಿ ಊಟ ಕೇಳಿದವರಿಗೆ ಗದರಿಕೆಗಿಂತ ಒಂದು ತುತ್ತು ಮೊಸರನ್ನವೇ ಮೇಲು.