ಬಾಣಂತಿಯ ಕೈಯಳತೆಯಲ್ಲಿ

“ಕೂಸಿನ ಮೈ ಹೂವಿದ್ದಂಗೆ, ಮೆತ್ತಗಿರೋದು ಕೊಡ್ರಿ, ರೊಕ್ಕದ ಮಖ ನೋಡಬ್ಯಾಡ್ರಿ.” ಹಸುಗೂಸಿಗೆ ಹಾಸಿಗೆ ಕೊಳ್ಳಲು ಬಂದವರೂ ಇದನ್ನೇ ಹೇಳುತ್ತಾರೆ, ಮಾರುವವರೂ ಇದನ್ನೇ ಹೇಳುತ್ತಾರೆ. ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ ಹರಿಹರದಲ್ಲಾಗಲಿ ಮಗುವಿನ ಸಾಮಾನಿನ ವ್ಯಾಪಾರ ನಿಂತಿರುವುದೇ ಈ ಮಾತಿನ ಮೇಲೆ. ಮಡಚುವ ಸೊಳ್ಳೆಪರದೆ ಹೊಲಿದ ಪುಟ್ಟ ಹಾಸಿಗೆ, ತಲೆಗೊಂದು ದಿಂಬು, ಎಡಬಲಕ್ಕೆ ಒಂದೊಂದು ಉರುಳೆ ದಿಂಬು, ಮೇಲೆ ನುಣುಪಾದ ದಪ್ಪ ಹೊದಿಕೆ. ತೊಟ್ಟಿಲಿಗೆ ಹಾಕುವ ದಿನ ಬರುವ ಉಡುಗೊರೆಗಳಲ್ಲಿ ಇಂಥ ಸೆಟ್ಟು ಎರಡೋ ಮೂರೋ ಇದ್ದೇ ಇರುತ್ತವೆ. ಈಗ ಇದಕ್ಕೊಂದು ಹೊಸ ಸೇರ್ಪಡೆ: ದೊಡ್ಡವರ ಮಂಚದ ಪಕ್ಕಕ್ಕೆ ತಗುಲಿಸುವ, ಒಂದು ಬದಿ ಇಳಿಸಬಹುದಾದ ತೊಟ್ಟಿಲು. ಕೆ.ಬಿ. ಬಡಾವಣೆ, ವಿನೋಬನಗರದಂಥ ಕಡೆಯ ಮಧ್ಯಮ ವರ್ಗದ ಮನೆಗಳಿಗೆ ಅದು ಆನ್‌ಲೈನ್ ಅಂಗಡಿಗಳಿಂದ ಬರತೊಡಗಿದೆ. ಅದನ್ನೂ ನಾವು ಹಳೆಯ ಅಳತೆಯಲ್ಲೇ ಆರಿಸುತ್ತೇವೆ: ಎಷ್ಟು ಮೆತ್ತಗಿದೆ, ಎಷ್ಟು ಚೆಂದವಿದೆ. ಎರಡೂ ತಪ್ಪು ಪ್ರಶ್ನೆಗಳು. ಕೂಸಿಗೆ ಬೇಕಾದದ್ದು ಗಟ್ಟಿಯಾದ, ಸಮತಟ್ಟಾದ, ಮೇಲೆ ಏನೂ ಇಲ್ಲದ ಹಾಸಿಗೆ. ಆರಾಮ ಬೇಕಾಗಿರುವುದು ಬಾಣಂತಿಗೆ. ಪಕ್ಕದ ತೊಟ್ಟಿಲು ಕೊಳ್ಳುವುದೇ ಆದರೆ ಅವಳ ಕೈ ಎಷ್ಟು ದೂರ ಚಾಚುತ್ತದೆ, ಅವಳ ಹೊಟ್ಟೆಯ ಹೊಲಿಗೆ ಎಷ್ಟು ಬಾಗಲು ಬಿಡುತ್ತದೆ ಎಂಬುದನ್ನು ನೋಡಿ ಕೊಳ್ಳಬೇಕು.

ಮೆತ್ತನೆಯದರ ಮೇಲೆ ಇಷ್ಟು ಸಿಟ್ಟೇಕೆ ಎಂದು ಕೇಳಬಹುದು. ಕಾರಣ ಸರಳ. ತಿಂಗಳ ಕೂಸಿಗೆ ಕುತ್ತಿಗೆ ನಿಂತಿರುವುದಿಲ್ಲ. ಮೂಗು ದಿಂಬಿಗೋ ದಪ್ಪ ಹೊದಿಕೆಗೋ ಒತ್ತಿದರೆ ನಾವು ನಿದ್ದೆಗಣ್ಣಲ್ಲೇ ಮುಖ ಹೊರಳಿಸುತ್ತೇವೆ. ಕೂಸಿಗೆ ಅದು ಆಗುವುದಿಲ್ಲ. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾ, ಸದ್ದಿಲ್ಲದೆ, ಒದ್ದಾಡದೆ ಹೋಗಿಬಿಡಬಹುದು. ಪಶ್ಚಿಮದ ದೇಶಗಳು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತವು. ಅಲ್ಲಿ ದಶಕಗಳ ಕಾಲ ಕೂಸುಗಳನ್ನು ಬೋರಲು ಮಲಗಿಸುವ ರೂಢಿಯಿತ್ತು, ವೈದ್ಯರೇ ಹಾಗೆ ಹೇಳುತ್ತಿದ್ದರು. ಬ್ರಿಟನ್ 1991ರಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಆ ರೂಢಿಯನ್ನು ಬಿಡಿಸಲು ಹೊರಟವು. 1994ರಲ್ಲಿ ಅಮೆರಿಕದಲ್ಲಿ ಅಂಗಾತ ಮಲಗಿಸಿ ಎಂಬ ದೊಡ್ಡ ಪ್ರಚಾರ ನಡೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಕಾರಣ ತಿಳಿಯದ ನಿದ್ದೆಯ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಹೊಸ ಔಷಧಿ ಬಂದಿರಲಿಲ್ಲ, ಹೊಸ ಯಂತ್ರವೂ ಬಂದಿರಲಿಲ್ಲ. ಮಲಗಿಸುವ ಭಂಗಿ ಬದಲಾಗಿತ್ತು, ಅಷ್ಟೆ.

ಅಂಗಾತ ಎಂದ ಕೂಡಲೇ ಅಜ್ಜಿಯರು ಎತ್ತುವ ಆಕ್ಷೇಪವೊಂದಿದೆ. ಕೂಸು ಹಾಲು ಕಕ್ಕಿದರೆ ಗಂಟಲಿಗೆ ಸಿಕ್ಕಿ ಉಸಿರು ಕಟ್ಟುವುದಿಲ್ಲವೇ? ಕಣ್ಣಾರೆ ಕಂಡದ್ದರಿಂದ ಹುಟ್ಟಿದ ಭಯ ಇದು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಅಜ್ಜಿಯರಿಗಿಂತ ಹೆಚ್ಚು ತಿಳಿದವರೇನಲ್ಲ. ಆದರೆ ಉತ್ತರ ದೇಹರಚನೆಯಲ್ಲೇ ಇದೆ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತದೆ, ಅನ್ನನಾಳ ಅದರ ಕೆಳಗಿರುತ್ತದೆ. ಕಕ್ಕಿದ ಹಾಲು ಉಸಿರಿನ ದಾರಿಗೆ ಬರಬೇಕಾದರೆ ಮೇಲಕ್ಕೆ ಏರಬೇಕು. ಬೋರಲು ಮಲಗಿದಾಗ ಈ ಜೋಡಣೆ ತಿರುಗುಮುರುಗಾಗಿ ಹಾಲಿಗೆ ಇಳಿಜಾರು ಸಿಗುತ್ತದೆ. ಲಕ್ಷಾಂತರ ಕೂಸುಗಳು ಬೋರಲಿನಿಂದ ಅಂಗಾತಕ್ಕೆ ತಿರುಗಿದ ಮೇಲೂ ಹಾಲು ಸಿಕ್ಕಿ ಸತ್ತವರ ಸಂಖ್ಯೆ ಏರಲಿಲ್ಲ ಎಂಬುದು ಇದಕ್ಕೆ ಸಾಕ್ಷಿ. ಇನ್ನು ತಲೆ ಗುಂಡಗಾಗಲೆಂದು ಸಾಸಿವೆ ತುಂಬಿದ ದಿಂಬು ಇಡುವ ವಾದಕ್ಕೆ ಒಂದೇ ಮಾತು ಸಾಕು: ತಲೆಯ ಆಕಾರ ಎಚ್ಚರವಿದ್ದಾಗ ಬೋರಲು ಆಡಿಸಿದರೆ ತಾನೇ ಸರಿಹೋಗುತ್ತದೆ, ಉಸಿರು ಹೋದರೆ ಬರುವುದಿಲ್ಲ.

ನಮ್ಮಲ್ಲಿ ಇದಕ್ಕಿಂತ ಸೂಕ್ಷ್ಮವಾದ ವಿಷಯ ಜೋಳಿಗೆಯದು. ಆರ್‌ಸಿಸಿ ಮನೆ ಕಟ್ಟಿಸುವಾಗಲೂ ಛಾವಣಿಯಲ್ಲಿ ತೊಟ್ಟಿಲಿಗೆಂದು ಕಬ್ಬಿಣದ ಕೊಂಡಿ ಬಿಡಿಸುವ ಊರು ನಮ್ಮದು. ಕಲಘಟಗಿಯ ಬಣ್ಣದ ತೊಟ್ಟಿಲು, ಅದರ ಮೇಲೆ ಬರೆದ ಪುರಾಣದ ಚಿತ್ರಗಳು, ತವರಿನಿಂದ ಅದನ್ನು ಹೊತ್ತು ತರುವ ಸಡಗರ, ಇವು ಯಾವುದನ್ನೂ ಹಗುರಾಗಿ ಆಡುವಂತಿಲ್ಲ. ಹೊಲದ ಬದುವಿನ ಬೇವಿನ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿ, ಕಳೆ ತೆಗೆಯುತ್ತಲೇ ಅದರ ಮೇಲೆ ಕಣ್ಣಿಟ್ಟಿರುವ ತಾಯಿಗೆ ಬೇರೆ ಉಪಾಯವಾದರೂ ಏನಿದೆ? ಹಾವು ಚೇಳು ಇರುವೆಗಳಿಂದ ಕೂಸನ್ನು ಕಾಯುವುದು ಅದೇ ಜೋಳಿಗೆ. ಅದು ಹಗಲಿನ ಮಾತು, ಕಣ್ಗಾವಲಿನಲ್ಲಿರುವ ಮಾತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದೇ ಜೋಳಿಗೆಯಲ್ಲಿ ಕೂಸನ್ನು ಬಿಡುವುದು ಬೇರೆ ಮಾತು. ಬಟ್ಟೆಯ ಗುಂಡಿಯಲ್ಲಿ ಬೆನ್ನು ಬಾಗಿ ಗಲ್ಲ ಎದೆಗೆ ತಾಗುತ್ತದೆ. ಸಣ್ಣ ಕೊಳವೆಯಷ್ಟಿರುವ ಉಸಿರಿನ ದಾರಿ ಮಡಚಿಕೊಳ್ಳಲು ಅಷ್ಟು ಸಾಕು. ಅಮೆರಿಕದ ಫಿಶರ್-ಪ್ರೈಸ್ ಕಂಪನಿ 2009ರಿಂದ ಮಾರಿದ ‘ರಾಕ್ ಎನ್ ಪ್ಲೇ’ ಎಂಬ ಓರೆ ಹಾಸಿಗೆಯಲ್ಲೂ ಇದ್ದದ್ದು ಇದೇ ದೋಷ. ಮೂವತ್ತಕ್ಕೂ ಹೆಚ್ಚು ಕೂಸುಗಳ ಸಾವು ಅದರೊಂದಿಗೆ ತಳಕು ಹಾಕಿಕೊಂಡ ಮೇಲೆ 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ಹಾಸಿಗೆಗಳನ್ನು ಕಂಪನಿ ಹಿಂದಕ್ಕೆ ಕರೆಸಿಕೊಂಡಿತು. 2022ರಲ್ಲಿ ಅಂಥ ಓರೆ ಹಾಸಿಗೆಗಳನ್ನೂ ತೊಟ್ಟಿಲ ಒಳಬದಿಗೆ ಕಟ್ಟುವ ಮೆತ್ತೆಗಳನ್ನೂ ಅಲ್ಲಿನ ಕಾನೂನೇ ನಿಷೇಧಿಸಿತು. ದೊಡ್ಡ ಕಂಪನಿಯ ಹೆಸರಿದ್ದರೆ ಸುರಕ್ಷಿತ ಎನ್ನುವವರೂ ಅಜ್ಜಿ ಕಾಲದ್ದಾದರೆ ಸುರಕ್ಷಿತ ಎನ್ನುವವರೂ ಇಲ್ಲಿ ಒಟ್ಟಿಗೇ ಸೋಲುತ್ತಾರೆ.

‘ಇದೆಲ್ಲ ಅವರ ದೇಶದ ಕಾಯಿಲೆ, ನಮ್ಮ ಕೂಸುಗಳು ಹೀಗೆ ಸಾಯುವುದಿಲ್ಲ’ ಎಂಬುದು ಇನ್ನೊಂದು ವಾದ. ಅರ್ಧ ಸತ್ಯ ಇದರಲ್ಲಿದೆ. ನಮ್ಮ ಹಸುಗೂಸುಗಳನ್ನು ಕೊಲ್ಲುವುದು ಮುಖ್ಯವಾಗಿ ದಿನ ತುಂಬದ ಹೆರಿಗೆ, ಹುಟ್ಟುವಾಗಲೇ ಉಸಿರು ಕಟ್ಟುವುದು, ಸೋಂಕು. ತೊಟ್ಟಿಲಿಗೆ ಸುರಿಯುವ ಹಣವನ್ನು ಗರ್ಭಿಣಿಯ ಊಟ ತಪಾಸಣೆಗೆ ಹಾಕಿದರೆ ಹೆಚ್ಚು ಜೀವ ಉಳಿಯುತ್ತವೆ ಎಂದರೆ ನಾನೂ ಒಪ್ಪುತ್ತೇನೆ. ಆದರೆ ಮನೆಯಲ್ಲಿ ನಿದ್ದೆಯಲ್ಲೇ ಹೋದ ಕೂಸಿಗೆ ಮರಣೋತ್ತರ ಪರೀಕ್ಷೆ ಮಾಡಿಸುವವರು ನಮ್ಮಲ್ಲಿ ಎಷ್ಟು ಜನ? ದೃಷ್ಟಿ, ಬಾಲಗ್ರಹ, ಹಣೆಬರಹ ಎಂದು ಮಣ್ಣು ಮಾಡಿ ಬರುತ್ತೇವೆ. ಎಣಿಸದೆ ಬಿಟ್ಟದ್ದನ್ನು ಇಲ್ಲವೆಂದು ಸಾಧಿಸಲಾಗದು.

ನಾನು ನಿಜಕ್ಕೂ ತಲೆಬಾಗುವ ಆಕ್ಷೇಪ ಬೇರೆ. ಕೂಸು ತಾಯಿಯ ಮಗ್ಗುಲಲ್ಲೇ ಮಲಗಬೇಕು, ಅದಕ್ಕೆ ಬೇರೆ ಹಾಸಿಗೆಯೇ ಅನ್ಯಾಯ ಎಂಬುದು. ಜೇಮ್ಸ್ ಮೆಕೆನ್ನಾ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ತನ್ನ ವೃತ್ತಿಜೀವನವನ್ನೆಲ್ಲ ಈ ವಾದಕ್ಕೇ ಮುಡಿಪಿಟ್ಟ. ಮಗ್ಗುಲಲ್ಲಿ ಮಲಗಿದ ತಾಯಿ ಮಗು ಪರಸ್ಪರರ ಉಸಿರಿಗೆ ಎಚ್ಚರಗೊಳ್ಳುತ್ತಾರೆ, ರಾತ್ರಿ ಹಾಲೂಡಿಕೆ ಹೆಚ್ಚುತ್ತದೆ ಎಂದು ತೋರಿಸಿದ. ಎದೆಹಾಲೇ ಈ ಬಗೆಯ ಸಾವಿನಿಂದ ಕಾಯುವ ಒಂದು ಕವಚ ಎಂಬುದರಲ್ಲೂ ಭಿನ್ನಾಭಿಪ್ರಾಯವಿಲ್ಲ. ನಮ್ಮ ಹಿರಿಯರು ಮಕ್ಕಳನ್ನು ಬೆಳೆಸಿದ್ದೇ ಹೀಗೆ. ಆದರೆ ಅವರು ಮಲಗಿದ್ದು ಎಲ್ಲಿ? ನೆಲದ ಮೇಲೆ, ಚಾಪೆ ಹಾಸಿ, ಮೇಲೊಂದು ಕೌದಿ ಹಾಸಿಕೊಂಡು. ಅದು ಗಟ್ಟಿ ನೆಲ. ಉರುಳಿದರೆ ಬೀಳಲು ಎತ್ತರವಿಲ್ಲ, ಸಿಕ್ಕಿಕೊಳ್ಳಲು ಸಂದಿಲ್ಲ. ಬಾಣಂತಿಯ ಕೋಣೆಗೆ ಗಂಡನ ಪ್ರವೇಶ ಅಪರೂಪ, ಪಕ್ಕದಲ್ಲಿ ಅರೆನಿದ್ದೆಯ ಅಜ್ಜಿ. ಈಗ ಅದೇ ಕೂಸು ಎಂಟು ಇಂಚಿನ ಫೋಮ್ ಹಾಸಿಗೆಯ ಮೇಲೆ, ಎರಡಡಿ ಎತ್ತರದ ಡಬಲ್ ಕಾಟ್‌ನಲ್ಲಿ, ಎರಡು ದಿಂಬು ಒಂದು ರಜಾಯಿಯ ನಡುವೆ, ದಣಿದು ಮಲಗಿದ ಇಬ್ಬರ ಮಧ್ಯೆ ಇದೆ. ಪದ್ಧತಿಯ ಹೆಸರು ಉಳಿದಿದೆ, ಅದನ್ನು ಸುರಕ್ಷಿತವಾಗಿಟ್ಟ ಸಂಗತಿಗಳೆಲ್ಲ ಹೋಗಿವೆ. ಮಲಗಿದವರಲ್ಲಿ ಒಬ್ಬರು ಬೀಡಿ ಸಿಗರೇಟು ಸೇದುವವರೋ ಕುಡಿದವರೋ ಆಗಿದ್ದರೆ, ಕೂಸು ದಿನ ತುಂಬದೆ ಹುಟ್ಟಿದ್ದರೆ, ಅಪಾಯ ಇನ್ನೂ ಹೆಚ್ಚು. ನೆಲದಲ್ಲಿ ಮಲಗಬಲ್ಲ ಬಾಣಂತಿ ನೆಲದಲ್ಲೇ ಮಲಗಲಿ, ಪಕ್ಕದಲ್ಲಿ ಕೂಸಿಗೆ ಬೇರೆಯೇ ಒಂದು ಗಟ್ಟಿ ಹಾಸಿಗೆ ಹಾಕಲಿ. ಅಂಥ ಮನೆಗೆ ಯಾವ ಪಕ್ಕದ ತೊಟ್ಟಿಲೂ ಬೇಡ.

ನೆಲದಿಂದ ಏಳಲಾರದವಳ ಕಥೆ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇಕಡಾ 31ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ಬಾಪೂಜಿ ಆಸ್ಪತ್ರೆ, ಚಿಗಟೇರಿ ಆಸ್ಪತ್ರೆಗಳ ಜೊತೆಗೆ ಹೆಜ್ಜೆಗೊಂದು ನರ್ಸಿಂಗ್ ಹೋಮ್ ಇರುವ ದಾವಣಗೆರೆಯಲ್ಲಿ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬರುವ ಬಾಣಂತಿ ಯಾವ ಓಣಿಯಲ್ಲಿಲ್ಲ? ಎರಡು ಮೂರು ಗಂಟೆಗೊಮ್ಮೆ ನೆಲದಿಂದ ಏಳುವುದು, ಕೋಣೆಯ ಆಚೆ ಮೂಲೆಯ ತೊಟ್ಟಿಲಿಗೆ ನಡೆದು ಹೋಗಿ ಬಾಗುವುದು ಅವಳಿಗೆ ಶಿಕ್ಷೆ. ಆಗಲೇ ಆಕೆ ಕೂಸನ್ನು ಸೋಫಾದಲ್ಲೋ ಒರಗುಕುರ್ಚಿಯಲ್ಲೋ ಎದೆಗಿಟ್ಟುಕೊಂಡು ನಿದ್ದೆಹೋಗುವುದು. ಎಲ್ಲ ಜಾಗಗಳಲ್ಲಿ ಅತ್ಯಂತ ಅಪಾಯದ್ದು ಅದೇ. ಮಲಗಿದಲ್ಲಿಂದಲೇ ಕೈ ಚಾಚಿ ಎಳೆದುಕೊಳ್ಳುವಂತೆ ಕೂಸು ಮಂಚದ ಎತ್ತರಕ್ಕೇ ಇದ್ದರೆ ಈ ಕಷ್ಟ ತಪ್ಪುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಆಸ್ಪತ್ರೆಯೊಂದರಲ್ಲಿ ಹೆಲೆನ್ ಬಾಲ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ನಿಂತ ತೊಟ್ಟಿಲಿಗಿಂತ ಮಂಚಕ್ಕೆ ತಗುಲಿಸಿದ ತೊಟ್ಟಿಲಲ್ಲಿದ್ದ ಕೂಸುಗಳು ಹೆಚ್ಚು ಸಲ ಹಾಲು ಕುಡಿದವು. ಅಮೆರಿಕದ ಅಕಾಡೆಮಿಯ 2022ರ ಸಲಹೆಯೂ ಈ ಕಡೆಗೇ ವಾಲುತ್ತದೆ: ಕನಿಷ್ಠ ಮೊದಲ ಆರು ತಿಂಗಳು ತಾಯಿಯ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ.

ಹಾಗಾದರೆ ನೋಡಬೇಕಾದದ್ದೇನು? ಮೊದಲು ಸಂದು. ನಮ್ಮ ಬಡಗಿಗಳು ಮಾಡುವ ಮಂಚಕ್ಕೆ ಸುತ್ತಲೂ ಮರದ ಪಟ್ಟಿಯಿರುತ್ತದೆ, ಹಾಸಿಗೆ ಅದರ ಒಳಗೆ ಕೂರುತ್ತದೆ. ಪಕ್ಕದ ತೊಟ್ಟಿಲು ಹೊರಗಿನ ಪಟ್ಟಿಗೆ ಬಂದು ನಿಲ್ಲುತ್ತದೆ. ತೊಟ್ಟಿಲ ಹಾಸಿಗೆಗೂ ಮಂಚದ ಹಾಸಿಗೆಗೂ ನಡುವೆ ಒಂದೆರಡು ಇಂಚಿನ ಕಾಲುವೆ ಉಳಿಯುತ್ತದೆ. ಕೂಸಿನ ಮುಖ ಜಾರುವುದು ಅಲ್ಲಿಗೇ. ಅದನ್ನು ಕಂಡ ಮನೆಯವರು ಟವೆಲ್ ಸುತ್ತಿ ತುರುಕುತ್ತಾರೆ. ಗಂಡಾಂತರಕ್ಕೆ ಮೆತ್ತೆ ಹಾಸಿದ ಹಾಗಾಯಿತು. ಸಂದು ಮುಚ್ಚದ ತೊಟ್ಟಿಲನ್ನು ವಾಪಸು ಮಾಡಬೇಕು, ಇಲ್ಲವೇ ಇಳಿಸುವ ಬದಿಯನ್ನು ಏರಿಸಿಯೇ ಇಡಬೇಕು. ಮಂಚಕ್ಕೆ ಬಿಗಿಯುವ ಪಟ್ಟಿಯಿಲ್ಲದ ತೊಟ್ಟಿಲನ್ನು ಮುಟ್ಟಲೇಬೇಡಿ, ಚಕ್ರವಿದ್ದರಂತೂ ಅರ್ಧರಾತ್ರಿ ದೂರ ಸರಿದಿರುತ್ತದೆ. ಆಮೇಲೆ ಹಾಸಿಗೆ: ಅಂಗೈಯಿಂದ ಒತ್ತಿ ತೆಗೆದರೆ ಗುರುತು ಉಳಿಯಬಾರದು, ಅಂಚಿನಲ್ಲಿ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಬದಿಯಲ್ಲಿ ಕಂಬಿಗಳಿದ್ದರೆ ನಡುವಿನ ಅಂತರ ಆರು ಸೆಂಟಿಮೀಟರ್ ಮೀರಬಾರದು. ಮಂಡಿಪೇಟೆಯ ಅಂಗಡಿಯಲ್ಲಿ ಅಂಗೈ ಒತ್ತಿ ನೋಡಲು ಬಿಡುತ್ತಾರೆ, ಆನ್‌ಲೈನ್‌ನಲ್ಲಿ ಚಿತ್ರ ಮಾತ್ರ. ರಾತ್ರಿ ಕೊರಳಿನ ಕರಿದಾರ ತೆಗೆದಿಡಿ, ಉಡಿದಾರ ಇರಲಿ. ಏಪ್ರಿಲ್ ಬಿಸಿಲಿನ ಈ ಊರಲ್ಲಿ ದಿನ ತುಂಬಿ ಹುಟ್ಟಿ ಚೆನ್ನಾಗಿರುವ ಕೂಸಿಗೆ ಕುಲಾವಿ, ಸ್ವೆಟರು, ಎರಡು ಪದರ ಬಟ್ಟೆ ಸುತ್ತಿ ಮಲಗಿಸುವುದನ್ನೂ ನಿಲ್ಲಿಸಬೇಕು. ಮೈ ಕಾವೇರುವುದೂ ಅಪಾಯವೇ.

ಸೊಳ್ಳೆಯ ಪ್ರಶ್ನೆ ಮಾತ್ರ ಪಶ್ಚಿಮದ ಸಲಹೆಗಾರರಿಗೆ ಗೊತ್ತಿಲ್ಲದ್ದು. ಭದ್ರಾ ನಾಲೆಯ ಗದ್ದೆಗಳ ನಡುವಿನ ದಾವಣಗೆರೆಯಲ್ಲಿ, ಹೊಳೆ ದಂಡೆಯ ಹರಿಹರದಲ್ಲಿ ಪರದೆಯಿಲ್ಲದೆ ಕೂಸನ್ನು ಮಲಗಿಸಿ ಎನ್ನುವುದು ಅವಿವೇಕ. ಪರದೆ ಬೇಕು, ಆದರೆ ಅದು ಮಂಚ ತೊಟ್ಟಿಲು ಎರಡನ್ನೂ ಸೇರಿಸಿ ಬಿಗಿಯಾಗಿ ಎಳೆದು ಕಟ್ಟಿದ ಪರದೆಯಾಗಬೇಕು, ಕೂಸಿನ ಮುಖದ ಮೇಲೆ ಜೋತುಬೀಳುವಂಥದ್ದಲ್ಲ. 2007ರಲ್ಲಿ ಕರ್ನಾಟಕ ಸರ್ಕಾರ ಬಡ ಬಾಣಂತಿಯರಿಗೆಂದು ತಂದ ‘ಮಡಿಲು’ ಕಿಟ್‌ನ 19 ಸಾಮಾನುಗಳಲ್ಲಿ ಸೊಳ್ಳೆಪರದೆ, ಜಮಖಾನ, ರಬ್ಬರ್ ಶೀಟು, ಕೂಸಿನ ಹಾಸಿಗೆ ಇದ್ದವು. ಅದನ್ನು ಯೋಚಿಸಿದವರಿಗೆ ಬಾಣಂತಿಯ ಕೋಣೆ ಗೊತ್ತಿತ್ತು. ಫಿನ್‌ಲೆಂಡ್ 1938ರಿಂದ ಬಡ ತಾಯಂದಿರಿಗೂ 1949ರಿಂದ ಎಲ್ಲ ತಾಯಂದಿರಿಗೂ ಕೊಡುತ್ತಾ ಬಂದಿರುವ ರಟ್ಟಿನ ಪೆಟ್ಟಿಗೆಯೂ ಇದೇ ಜಾತಿಯದು. ಬಟ್ಟೆಬರೆ ತೆಗೆದರೆ ಪೆಟ್ಟಿಗೆಯೇ ಕೂಸಿನ ಹಾಸಿಗೆ, ತಳದಲ್ಲೊಂದು ತೆಳು ಗಟ್ಟಿ ಮೆತ್ತೆ. ಅಲ್ಲಿ ಶಿಶುಮರಣ ಇಳಿದದ್ದು ಪೆಟ್ಟಿಗೆಯಿಂದಲೇ ಎಂದು ಹಾಡಿಹೊಗಳುವವರಿದ್ದಾರೆ. ಅದು ಅತಿಯಾಯಿತು. 1949ರಲ್ಲಿ ಪೆಟ್ಟಿಗೆ ಬೇಕಾದವಳು ಗರ್ಭದ ನಾಲ್ಕನೇ ತಿಂಗಳು ಮುಗಿಯುವುದರೊಳಗೆ ತಪಾಸಣೆಗೆ ಬರಬೇಕು ಎಂಬ ಷರತ್ತಿಟ್ಟರು. ಹೆಚ್ಚಿನ ಕೆಲಸ ಮಾಡಿದ್ದು ಆ ಷರತ್ತು. ಆದರೂ ಒಂದು ಸಂಗತಿ ಅಲ್ಲಗಳೆಯಲಾಗದು: ಒಂದು ದೇಶದ ಕೂಸುಗಳು ತಲೆಮಾರುಗಟ್ಟಲೆ ರಟ್ಟಿನ ಪೆಟ್ಟಿಗೆಯಲ್ಲಿ ಸುಖವಾಗಿ ಮಲಗಿದವು. ಹದಿನೈದು ಸಾವಿರದ ತೊಟ್ಟಿಲು ಕೊಡಿಸಲಾಗದ ಅಪ್ಪ ಕೂಸಿಗೆ ಏನೋ ಕಡಿಮೆ ಮಾಡಿದೆನೆಂದು ಕೊರಗಬೇಕಿಲ್ಲ.

ಕೊಳ್ಳುವವರು ಇನ್ನೊಂದು ಲೆಕ್ಕವನ್ನೂ ಮಾಡಲಿ. ಪಕ್ಕದ ತೊಟ್ಟಿಲು ಬಳಕೆಗೆ ಬರುವುದು ಕೂಸು ಮಗುಚಿ ಕೈಯೂರಿ ಏಳುವವರೆಗೆ, ಅಂದರೆ ಹೆಚ್ಚೆಂದರೆ ಐದಾರು ತಿಂಗಳು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಲ್ಲಿ, ಮೂರನೆಯದೋ ಐದನೆಯದೋ ತಿಂಗಳಿಗೆ ಗಂಡನ ಮನೆಗೆ ಪಯಣ. ಆ ತೊಟ್ಟಿಲು ದುಡಿಯುವ ದಿನಗಳಲ್ಲಿ ಹೆಚ್ಚಿನವು ತವರಿನ ಕೋಣೆಯಲ್ಲೇ ಕಳೆದುಹೋಗುತ್ತವೆ. ಗಂಡನ ಮನೆಯವರು ಬೆಂಗಳೂರಿನ ಫ್ಲ್ಯಾಟಿನ ಮಂಚಕ್ಕೆ ಹೊಂದುವುದನ್ನು ತರಿಸಿ, ಅದನ್ನು ಕೆ.ಬಿ. ಬಡಾವಣೆಯ ಹಳೆಯ ತೇಗದ ಮಂಚಕ್ಕೆ ಕಟ್ಟಲು ಹೊರಟರೆ ಎತ್ತರವೂ ಕೂಡದು, ಸಂದೂ ಮುಚ್ಚದು. ಆದ್ದರಿಂದ ಆರ್ಡರ್ ಹಾಕುವ ಮುನ್ನ ಬಾಣಂತಿಯ ತವರಿಗೆ ಫೋನು ಮಾಡಿ, ಅವಳು ಮಲಗುವ ಮಂಚದ ಎತ್ತರವೆಷ್ಟು, ಹಾಸಿಗೆಯ ದಪ್ಪವೆಷ್ಟು, ಪಟ್ಟಿಯ ಅಗಲವೆಷ್ಟು ಎಂದು ಕೇಳಿ. ಆ ಮೂರು ಅಳತೆ ಕೈಗೆ ಬಂದ ಮೇಲೆ ಅಂಗಡಿಗೆ ಹೋಗಿ. ಸೆಟ್ಟಿನ ಜೊತೆ ಬರುವ ದಿಂಬುಗಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.